ಹದಿನಾಲ್ಕು ಅಕ್ಷರಗಳ ಕಟ್ಟಳೆ

ಹೆಸರಿಗೆ ಅಳತೆಯನ್ನು ಗೊತ್ತುಮಾಡುವುದು ವಿಚಿತ್ರವಾಗಿ ತೋರಬಹುದು. ಆದರೆ ಗಣಕಯಂತ್ರಗಳ ಚರಿತ್ರೆಯಲ್ಲಿ ಇಂತಹ ಕಟ್ಟಳೆಯೊಂದು ಬಹುಕಾಲ ನಡೆದುಬಂದಿತು. ಅದು ಹುಟ್ಟಿದ ಬಗೆಯನ್ನೂ ಕಳಚಿದ ಬಗೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಎಂಬವರು ೧೯೬೯ರಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟಲಾರಂಭಿಸಿದರು. ಯಂತ್ರದಲ್ಲಿ ಸ್ಥಳವು ಅತ್ಯಲ್ಪವಾದುದರಿಂದ ಮಿತವ್ಯಯವೇ ಧರ್ಮವಾಗಿತ್ತು. ೧೯೭೧ರ ಮೊದಲನೆಯ ಆವೃತ್ತಿಯಲ್ಲಿ ಕಡತದ ಹೆಸರಿಗೆ ದೊರೆತುದು ಎಂಟೇ ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕೆಲವು ವರ್ಷಗಳಲ್ಲಿ ಅದು ಹದಿನಾಲ್ಕಕ್ಕೆ ಏರಿತು. ಹದಿನಾಲ್ಕೇ ಏಕೆ? ಕಡತಪಟ್ಟಿಯ ಒಂದೊಂದು ಸಾಲಿಗೂ ಹದಿನಾರು ಬೈಟು. ಅದರಲ್ಲಿ ಎರಡು ಕ್ರಮಸಂಖ್ಯೆಗೆ ಹೋಗಿ, ಉಳಿದುದು ಹೆಸರಿಗೆ. ೫೧೨ ಬೈಟುಗಳ ಒಂದು ಖಂಡದಲ್ಲಿ ಇಂತಹ ೩೨ ಸಾಲುಗಳು ಶೇಷವಿಲ್ಲದೆ ಕೂಡುತ್ತಿದ್ದವು.

ಗ್ರಂಥಕ್ಕೆ ಟಿಪ್ಪಣಿ ಬರೆಯುವಂತೆ ಇವರೂ ವಿಧಿವಾಕ್ಯಗಳ ನಡುವೆ ಟಿಪ್ಪಣಿಗಳನ್ನು ಬರೆದರು. ೧೯೭೫ರ ಆರನೆಯ ಆವೃತ್ತಿಯಲ್ಲಿ, ಯಂತ್ರವು ಒಂದು ಕಾರ್ಯದಿಂದ ಮತ್ತೊಂದಕ್ಕೆ ದಾಟುವೆಡೆಯಲ್ಲಿ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲವೆಂಬ ಭಾವದ ಟಿಪ್ಪಣಿಯುಂಟು. ಓದಿದವರಿಗೆ ಇದು ಅಹಂಕಾರವೆನಿಸಬಹುದು. ಪರೀಕ್ಷೆಗೆ ಬಾರದ ಭಾಗವೆಂಬರ್ಥದಲ್ಲಿ ಬರೆದುದೆಂದೂ, ದಿಟವಾಗಿ ತಮಗೇ ಅದು ತಿಳಿದಿರಲಿಲ್ಲವೆಂದೂ ರಿಚೀಯವರು ಮುಂದೆ ಒಪ್ಪಿಕೊಂಡರು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಾನ್ ಲಯನ್ಸ್ ಅವರು ವಿದ್ಯಾರ್ಥಿಗಳಿಗಾಗಿ ಈ ಆವೃತ್ತಿಗೆ ವ್ಯಾಖ್ಯಾನವನ್ನೇ ರಚಿಸಿದರು. ೧೯೭೯ರ ಏಳನೆಯ ಆವೃತ್ತಿಯ ಕರಾರು ಮೂಲಪಾಠದ ಬೋಧನೆಯನ್ನು ನಿಷೇಧಿಸಿತು. ವ್ಯಾಖ್ಯಾನವಾದರೋ ನಕಲಿನಿಂದ ನಕಲಿಗೆ ಗುಟ್ಟಾಗಿ ಹರಡಿ, ೧೯೯೬ರಲ್ಲಿ ಬಹಿರಂಗವಾಗಿ ಅಚ್ಚಾಯಿತು.

೧೯೮೩ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದವರು ಹೆಸರಿನ ಮಿತಿಯನ್ನು ೨೫೫ ಬೈಟುಗಳಿಗೆ ಏರಿಸಿದರು. ಆದರೂ ಹಳೆಯ ಕಟ್ಟಳೆ ಕೂಡಲೆ ಅಳಿಯಲಿಲ್ಲ. ೧೯೯೧ರಲ್ಲಿ ಹುಟ್ಟಿದ ಲಿನಕ್ಸ್, ಮಿನಿಕ್ಸ್ ಎಂಬುದರ ಕಡತವ್ಯವಸ್ಥೆಯೊಡನೆ ಅದೇ ಹದಿನಾಲ್ಕನ್ನು ಎರವಲು ಪಡೆಯಿತು. ೧೯೯೨ರಲ್ಲಿ ತನ್ನದೇ ವ್ಯವಸ್ಥೆ ಬಂದ ಬಳಿಕ ಅದಕ್ಕೂ ೨೫೫ರ ಅವಕಾಶ ದೊರೆಯಿತು.

ಇದರಿಂದ ನಮಗೇನೆಂದು ಕೇಳಬಹುದು. ಅದೇ ೧೯೯೨ರಲ್ಲಿ ಅದೇ ಥಾಂಪ್ಸನ್ನರು ರಾಬ್ ಪೈಕ್ ಅವರೊಡಗೂಡಿ, ಲೋಕದ ಲಿಪಿಗಳಿಗೆಲ್ಲ ಒದಗುವ ಯುಟಿಎಫ್-೮ ಎಂಬ ಸಂಕೇತಕ್ರಮವನ್ನು ರಚಿಸಿದರು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. 'ಕನ್ನಡ' ಎಂಬಲ್ಲಿ ಕ, ನ, ಒತ್ತಿಗೆ ಬೇಕಾದ ವಿರಾಮ, ಮತ್ತೆ ನ, ಡ ಎಂದು ಐದು ಸಂಕೇತಗಳು. ಒಟ್ಟು ಹದಿನೈದು ಬೈಟು. ಹಳೆಯ ಕಟ್ಟಳೆ ಉಳಿದಿದ್ದರೆ ನಮ್ಮ ನುಡಿಯ ಹೆಸರೇ ಒಂದು ಬೈಟಿನ ಕೊರತೆಯಿಂದ ಹೊರಗುಳಿಯುತ್ತಿತ್ತು!

ಹಾಗೆಂದು ಹಿಂದಿನವರನ್ನು ದೂರುವುದು ನ್ಯಾಯವಲ್ಲ. ಇದ್ದ ಸ್ಥಳಕ್ಕೆ ತಕ್ಕಂತೆ ಅವರು ಕಟ್ಟಿದರು. ಕಾರಣವಳಿದ ಮೇಲೂ ಕಟ್ಟಳೆ ಉಳಿಯುವುದುಂಟು. ಆದುದರಿಂದ ಕಟ್ಟಳೆಯ ಪಕ್ಕದಲ್ಲಿ ಅದರ ಕಾರಣವನ್ನೂ ಬರೆದಿಡುವುದು ಮುಂದಿನವರಿಗೆ ಮಾಡುವ ದೊಡ್ಡ ಉಪಕಾರವೆನ್ನಬೇಕು.