ಗಡಿ ದಾಟದ ಹಣ: ಹುಂಡಿಯಿಂದ ಫಿನ್‌ಟೆಕ್‌ವರೆಗೆ ಪರದೇಶ ಪಾವತಿಯ ಚರಿತ್ರೆ

ಒಂದು ದೇಶದ ವರ್ತಕ ಇನ್ನೊಂದು ದೇಶದ ವರ್ತಕನಿಗೆ ಸರಕಿನ ಬೆಲೆ ಸಲ್ಲಿಸುವಾಗ ನಾಣ್ಯವಾಗಲಿ ನೋಟಾಗಲಿ ಗಡಿ ದಾಟುವುದು ಅಪರೂಪ. ದಾಟುವುದು ಇಂಥವರಿಗೆ ಇಷ್ಟು ಕೊಡಿರೆಂಬ ಆದೇಶ. ಆದೇಶ ತಲುಪಿದವನು ತನ್ನ ಊರಿನಲ್ಲಿ ಮೊದಲೇ ಇರುವ ಹಣದಿಂದ ಅದನ್ನು ತೀರಿಸಿ, ಬರೆದವನ ಲೆಕ್ಕಕ್ಕೆ ಖರ್ಚು ಹಾಕಿಕೊಳ್ಳುತ್ತಾನೆ. ಎದುರು ದಿಕ್ಕಿನಿಂದ ಬರುವ ಇನ್ನೊಂದು ಆದೇಶದಿಂದ ಆ ಬಾಕಿ ಮುಂದೆ ವಜಾ ಆಗುತ್ತದೆ. ಉದ್ಯಮಗಳಿಗೆ ಪರದೇಶ ಪಾವತಿಯ ಸೇವೆಯನ್ನೂ ಖಜಾನೆ ನಿರ್ವಹಣೆಯನ್ನೂ, ಅಂದರೆ ಹಲವು ದೇಶಗಳ ಹಲವು ನಾಣ್ಯಗಳಲ್ಲಿ ಚದುರಿಕೊಂಡಿರುವ ರೊಕ್ಕ ಬೇಕಾದಾಗ ಬೇಕಾದೆಡೆ ಒದಗುವಂತೆ ನೋಡಿಕೊಳ್ಳುವ ಕೆಲಸವನ್ನೂ, ಒದಗಿಸುವ ಇಂದಿನ ಫಿನ್‌ಟೆಕ್ ಕಂಪನಿಗಳು ತಮ್ಮ ವಿದ್ಯೆಯನ್ನು ಹೊಸತೆಂದು ಬಣ್ಣಿಸಿಕೊಳ್ಳುತ್ತವೆಯಾದರೂ, ಅದರ ಮೂಲ ಉಪಾಯ ಮೊಗಲರ ಕಾಲದ ಸರಾಫರ, ಅಂದರೆ ಹಣದ ವ್ಯಾಪಾರಿಗಳ, ಕಿರ್ದಿ ಪುಸ್ತಕಗಳಲ್ಲಿ ಆಗಲೇ ನೆಲೆಗೊಂಡಿತ್ತು. ಅಲ್ಲಿಂದೀಚೆಗೆ ಆದೇಶದ ವೇಗ ಊಹೆಗೂ ಮೀರಿ ಹೆಚ್ಚಿದೆ. ಆದೇಶಕ್ಕೂ ಸಂದಾಯಕ್ಕೂ ನಡುವಿನ ಅವಧಿಯ ಅಪಾಯವನ್ನು ಯಾರು ಹೊರಬೇಕೆಂಬ ಪ್ರಶ್ನೆ ಮಾತ್ರ ಉಳಿದುಕೊಂಡೇ ಬಂದಿದೆ.

ಸರಾಫರು ಬರೆಯುತ್ತಿದ್ದ ಈ ಆದೇಶಪತ್ರಕ್ಕೆ ಹುಂಡಿ ಎಂದು ಹೆಸರು. ದೇವಾಲಯದ ಕಾಣಿಕೆಯ ಹುಂಡಿಗೂ ಇದಕ್ಕೂ ಇಲ್ಲಿ ಗಂಟು ಹಾಕಬೇಕಿಲ್ಲ. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಇಷ್ಟು ದಿನಗಳ ಗಡುವಿನ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಪೇಟೆಯಲ್ಲಿ ಮಾನ್ಯನಾದ ಸಾಹುಕಾರನ ಮೂಲಕ ಹಾಜರಾದರೆ ಮಾತ್ರ ಹಣ ಸಿಗುವಂತೆ ಬರೆದದ್ದು ಶಾಹ ಜೋಗ್ ಹುಂಡಿಯಾದ್ದರಿಂದ, ದಾರಿಯಲ್ಲಿ ಅದನ್ನು ಕದ್ದವನಿಗೆ ಕಾಗದ ದಕ್ಕಿದರೂ ಹಣ ದಕ್ಕುತ್ತಿರಲಿಲ್ಲ. ತಿದ್ದುಪಡಿಯ ಮೋಸವನ್ನು ತಡೆಯುವ ಕ್ರಮವೂ ಬರಹದ ಒಳಗೇ ಇತ್ತು: ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಅದರ ಅರ್ಧ ಎಷ್ಟೆಂದು ಕಾಣಿಸಿ, ಆ ಅರ್ಧದ ಎರಡರಷ್ಟನ್ನು ಕೊಡಿರೆಂದು ಹೇಳಲಾಗುತ್ತಿತ್ತು. ಹೀಗಾಗಿ ಸಾವಿರದ ಹುಂಡಿಯನ್ನು ಎರಡು ಸಾವಿರ ಮಾಡಹೊರಟವನು ಐನೂರನ್ನೂ ತಿದ್ದಬೇಕಾಗುತ್ತಿತ್ತು. ಮೂಲ ಕಳೆದುಹೋದರೆ ಪೇಠ್ ಎಂಬ ಎರಡನೆಯ ಪ್ರತಿ, ಅದೂ ಹೋದರೆ ಪರಪೇಠ್ ಎಂಬ ಮೂರನೆಯದು ಹೊರಡುತ್ತಿತ್ತು. ಹಣ ಸಂದು ರದ್ದಾದ ಹುಂಡಿ ಖೋಖಾ ಎನಿಸಿಕೊಂಡು ಲೆಕ್ಕದ ಕಟ್ಟು ಸೇರುತ್ತಿತ್ತು. ಹಣ ಕೊಡಬೇಕಾದವನು ನಿರಾಕರಿಸಿದರೆ ಅದೇ ಊರಿನ ಇನ್ನೊಬ್ಬ ಸರಾಫ ಬರೆದವನ ಮರ್ಯಾದೆ ಉಳಿಸಿ ಹಣ ತೆರಲೆಂದು ಕೋರುವ ಜಿಕ್ರಿ ಚೀಟಿಯೂ ಕೆಲವೊಮ್ಮೆ ಹುಂಡಿಯ ಜೊತೆಗಿರುತ್ತಿತ್ತು.

ಈ ಸೇವೆಗೆ ತೆರಬೇಕಿದ್ದ ವಟ್ಟದ ವಿಷಯದಲ್ಲಿ ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ಜಾನ್ ಬಾಪ್ತಿಸ್ತ್ ತಾವರ್ನಿಯೆ ಬರೆದಿಟ್ಟ ವಿವರಗಳು ಅಮೂಲ್ಯವಾಗಿವೆ. ಸೂರತ್ ಬಂದರಿನ ಮೇಲೆ ಬರೆಯುವ ಹುಂಡಿಗೆ ಅಹಮದಾಬಾದಿನಲ್ಲಿ ಶೇಕಡಾ 1ರಿಂದ ಒಂದೂವರೆ, ವಿಜಾಪುರದಲ್ಲಿ 3ರವರೆಗೆ, ಆಗ್ರಾದಲ್ಲಿ ನಾಲ್ಕೂಕಾಲರಿಂದ 5, ದೂರದ ಢಾಕಾದಲ್ಲಿ 10ರವರೆಗೆ ದರವಿತ್ತೆಂದು ಅವನು ಹೇಳುತ್ತಾನೆ. ಆದಿಲಶಾಹಿ ರಾಜಧಾನಿಯಾದ ವಿಜಾಪುರದ ವರ್ತಕನು ತನ್ನ ಆಗ್ರಾದ ಸಹವ್ಯವಹಾರಿಗಿಂತ ಅಗ್ಗವಾಗಿ ಸೂರತ್ತಿನಲ್ಲಿ ಹಣ ಒದಗಿಸಿಕೊಳ್ಳಬಹುದಿತ್ತೆಂಬುದು ಇದರಿಂದ ತಿಳಿಯುತ್ತದೆ. ಆದರೆ ದರವನ್ನು ದೂರವೊಂದೇ ನಿರ್ಧರಿಸುತ್ತಿರಲಿಲ್ಲ. ಸರಕು ದಾರಿಯಲ್ಲಿ ದರೋಡೆಗೆ ಸಿಕ್ಕಿದರೆ ಹಣ ಕೊಟ್ಟವನ ಹಣವೂ ಹೋಗುತ್ತಿತ್ತು, ಆದ್ದರಿಂದ ವಟ್ಟ ಏರಿತ್ತು ಎಂಬುದು ತಾವರ್ನಿಯೆ ಕೊಡುವ ಕಾರಣ. ಇದು ಮುಂದೆ ಜೋಖಮಿ ಹುಂಡಿ ಎಂದು ಪ್ರಸಿದ್ಧವಾದ ಬಗೆಗೆ ಹೊಂದುತ್ತದೆ: ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ ಸಲ್ಲಬೇಕಾದ ಆ ಹುಂಡಿಯಲ್ಲಿ ಸಾಲ, ರವಾನೆ, ವಿಮೆ ಮೂರೂ ಒಂದೇ ಕಾಗದದಲ್ಲಿ ಬೆರೆತಿದ್ದವು. ಇಂದು ಇವನ್ನು ಮೂರು ಸಂಸ್ಥೆಗಳು ಮೂರು ಶುಲ್ಕಗಳಿಗೆ ಮಾರುತ್ತವೆ.

ಹುಂಡಿ ಮೊಗಲ್ ಸಾಮ್ರಾಜ್ಯದ ಒಳಗೂ ಹೊರಗೂ ನಡೆಯಿತು. ಬಂಗಾಳದ ಕಂದಾಯ ಗಾಡಿಗಳಲ್ಲಿ ಬೆಳ್ಳಿಯಾಗಿ ಹೊರಡದೆ ಮುರ್ಶಿದಾಬಾದಿನ ಜಗತ್ ಸೇಠರೆಂಬ ಸಾಹುಕಾರರ ಮನೆಯ ಹುಂಡಿಗಳಾಗಿ ದಿಲ್ಲಿಗೆ ತಲುಪುತ್ತಿತ್ತು. ಸಿಂಧದ ಶಿಕಾರಪುರದ ಸಾಹುಕಾರರ ಗುಮಾಸ್ತರು ಮಧ್ಯ ಏಷ್ಯಾದ ಪೇಟೆಗಳವರೆಗೆ ಹರಡಿಕೊಂಡಿದ್ದರು. 1832ರಲ್ಲಿ ಬುಖಾರಾಕ್ಕೆ ಹೊರಟಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ಕಾಬೂಲಿನಲ್ಲಿ ಲುಧಿಯಾನ ಅಥವಾ ದಿಲ್ಲಿಯ ಖಜಾನೆಗಳ ಮೇಲಿನ ಐದು ಸಾವಿರ ರೂಪಾಯಿಯ ಪತ್ತಿನ ಪತ್ರವನ್ನು ತೋರಿಸಿದಾಗ, ಅಲ್ಲಿಯ ವರ್ತಕರು ಸ್ಥಳದಲ್ಲೇ ಚಿನ್ನ ಕೊಡಲೂ ರಷ್ಯಾದ ನಿಜ್ನಿ ನವ್‌ಗೊರೋದ್, ಅಸ್ತ್ರಾಖಾನ್ ಅಥವಾ ಬುಖಾರಾದ ಮೇಲೆ ಹುಂಡಿ ಬರೆಯಲೂ ಸಿದ್ಧರಾದರು. ಅವನು ಬುಖಾರಾದ ಮೇಲಿನ ಪತ್ರಗಳನ್ನು ಒಪ್ಪಿಕೊಂಡನು. ಇಷ್ಟು ವಿಶಾಲ ಜಾಲ ನಿಂತದ್ದು ಪತ್ತಿನ ಮೇಲೆ, ಪತ್ತು ನಿಂತದ್ದು ಕುಲ, ಜಾತಿ, ಊರುಗಳ ನಂಟಿನ ಮೇಲೆ. ಪರಿಚಯವಿಲ್ಲದವನಿಗೆ ಈ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲವೆಂಬುದನ್ನು ಹುಂಡಿಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಬ್ರಿಟಿಷ್ ಆಡಳಿತ ಈ ವ್ಯವಸ್ಥೆಯನ್ನು ಅಳಿಸಲಿಲ್ಲ, ಪಕ್ಕಕ್ಕೆ ಸರಿಸಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ದೇಶಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟು ಹುಂಡಿಯನ್ನು ಪೇಟೆಯ ಪಾಲಿಗೆ ಬಿಟ್ಟಿತು. ಅಷ್ಟರಲ್ಲಿ 1870ರಲ್ಲಿ ಮುಂಬಯಿಯನ್ನೂ ಲಂಡನ್ನನ್ನೂ ಸಮುದ್ರದಡಿಯ ತಂತಿ ಬೆಸೆದಿತ್ತು. ಭಾರತದ ತೆರಿಗೆಯಿಂದ ಲಂಡನ್ನಿಗೆ ಸಲ್ಲಬೇಕಾದ ‘ಹೋಂ ಚಾರ್ಜಸ್’ ಎಂಬ ವೆಚ್ಚಕ್ಕಾಗಿ ಬ್ರಿಟಿಷ್ ಸಂಪುಟದ ಭಾರತ ಕಾರ್ಯದರ್ಶಿಯು ಲಂಡನ್ನಿನಲ್ಲಿ ಕೌನ್ಸಿಲ್ ಬಿಲ್ಲುಗಳನ್ನು ಮಾರುತ್ತಿದ್ದನು. ಭಾರತದ ಸರಕಿಗೆ ಹಣ ತೆರಬೇಕಾದವರು ಅವನ್ನು ಪೌಂಡಿಗೆ ಕೊಂಡು ಇಲ್ಲಿಗೆ ಕಳಿಸಿದರೆ, ಕಲ್ಕತ್ತ, ಮುಂಬಯಿ, ಮದ್ರಾಸುಗಳ ಸರ್ಕಾರಿ ಖಜಾನೆಗಳಲ್ಲಿ ರೂಪಾಯಿ ಸಿಗುತ್ತಿತ್ತು. ಸಾಮ್ರಾಜ್ಯವೇ ಅತಿ ದೊಡ್ಡ ಹುಂಡಿ ಬರೆಯುವ ಮನೆಯಾಯಿತೆನ್ನಬಹುದು. ಹಡಗಿನ ಅಂಚೆಯಲ್ಲಿ ಹೋಗುವ ಬಿಲ್ಲಿಗಿಂತ ತಂತಿಯ ಮೂಲಕ ಕೊಡಿಸುವ ವರ್ಗಾವಣೆಗೆ ತುಸು ಹೆಚ್ಚು ಬೆಲೆಯಿತ್ತು. ಪ್ರಯಾಣದ ದಿನಗಳಷ್ಟು ಕಾಲದ ಬಡ್ಡಿ ಉಳಿಯುತ್ತಿದ್ದುದೇ ಅದಕ್ಕೆ ಕಾರಣ.

ಆದೇಶ ಕ್ಷಣದಲ್ಲಿ ತಲುಪಿದ ಮಾತ್ರಕ್ಕೆ ಸಂದಾಯದ ಅಪಾಯ ಅಳಿಯುವುದಿಲ್ಲವೆಂಬುದು ಬಯಲಾದದ್ದು ಪಶ್ಚಿಮ ಜರ್ಮನಿಯ ಕೊಲೋನ್ ನಗರದಲ್ಲಿ. ವಿನಿಮಯ ದರಗಳು ಸಡಿಲಗೊಂಡ ಹೊಸತರಲ್ಲಿ ವಿದೇಶಿ ನಾಣ್ಯದ ಸಟ್ಟಾ ವ್ಯವಹಾರಕ್ಕಿಳಿದು ಕೈಸುಟ್ಟುಕೊಂಡಿದ್ದ ಹೆರ್‌ಸ್ಟಾಟ್ ಬ್ಯಾಂಕಿನ ಪರವಾನಗಿಯನ್ನು ಅಲ್ಲಿಯ ಅಧಿಕಾರಿಗಳು 1974ರ ಜೂನ್ 26ರಂದು ರದ್ದುಪಡಿಸಿದರು. ಜರ್ಮನಿಯಲ್ಲಿ ಅಂದಿನ ಬ್ಯಾಂಕ್ ಪಾವತಿಗಳು ಮುಗಿದಿದ್ದವು, ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗಿನ ಹೊತ್ತು. ಡಾಲರಿನ ನಿರೀಕ್ಷೆಯಲ್ಲಿ ಹಲವು ಬ್ಯಾಂಕುಗಳು ಹಗಲಿನಲ್ಲೇ ಹೆರ್‌ಸ್ಟಾಟಿಗೆ ಮಾರ್ಕುಗಳನ್ನು ಸಲ್ಲಿಸಿಯಾಗಿತ್ತು. ಅದರ ನ್ಯೂಯಾರ್ಕ್ ಪ್ರತಿನಿಧಿ ಬ್ಯಾಂಕು ಸುದ್ದಿ ತಿಳಿದೊಡನೆ ಡಾಲರ್ ಪಾವತಿಯನ್ನು ನಿಲ್ಲಿಸಿಬಿಟ್ಟಿತು. ಒಂದು ನಾಣ್ಯ ಕೈಬಿಟ್ಟು ಇನ್ನೊಂದು ಕೈಸೇರುವ ಮುನ್ನ ಎದುರಾಳಿ ಮುಳುಗುವ ಈ ಗಂಡಾಂತರಕ್ಕೆ ಇಂದಿಗೂ ಹೆರ್‌ಸ್ಟಾಟ್ ಅಪಾಯವೆಂದೇ ಹೆಸರು. ಆ ವರ್ಷದ ಕೊನೆಗೆ ಹತ್ತು ಪ್ರಮುಖ ದೇಶಗಳ ಕೂಟದ ಕೇಂದ್ರ ಬ್ಯಾಂಕುಗಳ ಗವರ್ನರುಗಳು ಬಾಸೆಲ್ ಸಮಿತಿಯನ್ನು ರಚಿಸಿದರು. ಎರಡೂ ನಾಣ್ಯಗಳು ಏಕಕಾಲಕ್ಕೆ ಕೈಬದಲಾಗುವಂತೆ ನೋಡಿಕೊಳ್ಳುವ ಸಿಎಲ್‌ಎಸ್ ಬ್ಯಾಂಕು ಕೆಲಸ ಆರಂಭಿಸಿದ್ದು ಮಾತ್ರ 2002ರಲ್ಲಿ; ರೋಗ ಪತ್ತೆಯಾದ 28 ವರ್ಷಕ್ಕೆ ಮದ್ದು ಬಂತು. ಅದು ನಿರ್ವಹಿಸುವ 18 ನಾಣ್ಯಗಳಲ್ಲಿ ರೂಪಾಯಿ ಇಲ್ಲ. ಬ್ಯಾಂಕುಗಳ ನಡುವಿನ ಡಾಲರ್-ರೂಪಾಯಿ ವಹಿವಾಟಿಗೆ ಖಾತರಿ ಕೊಡುವ ಕೆಲಸವನ್ನು ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಮಾಡುತ್ತದೆ.

15 ದೇಶಗಳ 239 ಬ್ಯಾಂಕುಗಳು ಸೇರಿ 1973ರಲ್ಲಿ ಬ್ರಸೆಲ್ಸಿನಲ್ಲಿ ಕಟ್ಟಿದ ಸ್ವಿಫ್ಟ್ ಸಂಸ್ಥೆಯನ್ನು ಹಣ ಸಾಗಿಸುವ ಜಾಲವೆಂದು ಪತ್ರಿಕೆಗಳು ಬರೆಯುವುದುಂಟು. ಅದು ಸಾಗಿಸುವುದು ಸಂದೇಶವನ್ನು ಮಾತ್ರ. ಹಣ ಸಲ್ಲುವುದು ಬ್ಯಾಂಕುಗಳು ಒಂದು ಇನ್ನೊಂದರಲ್ಲಿ ಇಟ್ಟುಕೊಂಡಿರುವ ನಾಸ್ಟ್ರೋ ಖಾತೆಗಳ, ಎಂದರೆ ಪರದೇಶದ ಬ್ಯಾಂಕಿನಲ್ಲಿ ಆ ದೇಶದ ನಾಣ್ಯದಲ್ಲಿ ಇರಿಸಿದ ತಮ್ಮ ಖಾತೆಗಳ, ಜಮಾ ಖರ್ಚಿನಿಂದ. ನೇರ ನಂಟಿಲ್ಲದ ಎರಡು ಬ್ಯಾಂಕುಗಳ ನಡುವೆ ಮೂರನೆಯದು, ನಾಲ್ಕನೆಯದು ಬಂದು ಕೂರುತ್ತದೆ, ಪ್ರತಿಯೊಂದೂ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ.

ಹೊಸ ಕಂಪನಿಗಳು ಕಣ್ಣಿಟ್ಟದ್ದು ಈ ಮುರಿತದ ಮೇಲೆ. ಲಂಡನ್ನಿನಲ್ಲಿದ್ದ ಇಬ್ಬರು ಎಸ್ಟೋನಿಯನ್ನರಲ್ಲಿ ಒಬ್ಬನಿಗೆ ಸಂಬಳ ಯೂರೋದಲ್ಲಿ ಬಂದು ಪೌಂಡು ಬೇಕಾಗಿತ್ತು, ಇನ್ನೊಬ್ಬನಿಗೆ ಪೌಂಡು ಬಂದು ಊರಿನ ಮನೆಸಾಲಕ್ಕೆ ಯೂರೋ ಬೇಕಾಗಿತ್ತು. ಒಬ್ಬರ ಖಾತೆಗೆ ಇನ್ನೊಬ್ಬರು ಅಲ್ಲಲ್ಲೇ ಹಣ ತುಂಬಿಕೊಂಡ ಆ ಹೊಂದಾಣಿಕೆಯಿಂದ 2011ರಲ್ಲಿ ಟ್ರಾನ್ಸ್‌ಫರ್‌ವೈಸ್, ಅಂದರೆ ಇಂದಿನ ವೈಸ್, ಹುಟ್ಟಿತು. ಶಿಕಾರಪುರದ ಗುಮಾಸ್ತ ಇದನ್ನು ಕೇಳಿದ್ದರೆ ಹೊಸದೇನೂ ಕಾಣುತ್ತಿರಲಿಲ್ಲ. 2015ರಲ್ಲಿ ಮೆಲ್ಬರ್ನಿನಲ್ಲಿ ಆರಂಭವಾದ ಏರ್‌ವಾಲೆಕ್ಸ್‌ನಂಥವು ಇದೇ ಉಪಾಯವನ್ನು ಉದ್ಯಮಗಳಿಗೆ ಒಗ್ಗಿಸಿ, ಹಲವು ದೇಶಗಳಲ್ಲಿ ಮೊದಲೇ ಹಣ ಇಟ್ಟುಕೊಂಡು ಪಾವತಿಯನ್ನು ಸ್ಥಳೀಯ ಜಾಲಗಳಲ್ಲೇ ಮುಗಿಸುತ್ತವೆ.

ಭಾರತದಲ್ಲಿ ಈ ದಾರಿಯ ಅರ್ಧ ಮಾತ್ರ ತೆರೆದಿದೆ. ಪರವಾನಗಿಯಿಲ್ಲದೆ ಎರಡು ದೇಶಗಳ ಬಾಕಿಗಳನ್ನು ಹೀಗೆ ಹೊಂದಿಸುವುದು ವಿದೇಶಿ ವಿನಿಮಯ ಕಾನೂನಿನ ಕಣ್ಣಿನಲ್ಲಿ ಹವಾಲಾ ಎನಿಸುತ್ತದೆ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 31ರ ಸುತ್ತೋಲೆಯಲ್ಲಿ ಆಮದು ರಫ್ತಿನ ಹಣವನ್ನು ವರ್ತಕರ ಪರವಾಗಿ ಪಡೆದು ದಾಟಿಸುವ ಗಡಿಯಾಚೆಯ ಪಾವತಿ ಸಂಗ್ರಾಹಕರೆಂಬ ಹೊಸ ವರ್ಗವನ್ನು ನಿಯಂತ್ರಣಕ್ಕೆ ತಂದು, ಸರಕು ಅಥವಾ ಸೇವೆಯ ಒಂದು ಘಟಕದ ಬೆಲೆಗೆ 25 ಲಕ್ಷ ರೂಪಾಯಿಯ ಮಿತಿ ಹಾಕಿತು. ಆಮದಿನ ಹಣಕ್ಕೊಂದು ಖಾತೆ, ರಫ್ತಿನ ಹಣಕ್ಕೊಂದು ಖಾತೆ, ಒಂದರದು ಇನ್ನೊಂದಕ್ಕೆ ಬೆರೆಯಕೂಡದು ಎಂಬುದು ಅದರ ಷರತ್ತು. ಬರುವ ಹಣವನ್ನು ಹೋಗುವ ಹಣಕ್ಕೆ ವಜಾ ಹಾಕಿಯೇ ಸರಾಫ ತನ್ನ ವಟ್ಟವನ್ನು ಇಳಿಸುತ್ತಿದ್ದನು. ಬೆಂಗಳೂರಿನ ಸಾಫ್ಟ್‌ವೇರ್ ರಫ್ತುದಾರನ ಡಾಲರು ಮತ್ತು ಅದೇ ಊರಿನ ಯಂತ್ರ ಆಮದುದಾರನ ಡಾಲರು ಒಂದೇ ಕಂಪನಿಯ ಮೂಲಕ ಹಾದುಹೋದರೂ ಆ ಲಾಭವನ್ನು ಇಂದಿನ ಸಂಗ್ರಾಹಕನು ತನ್ನ ಪುಸ್ತಕದಲ್ಲಿ ಪಡೆಯುವಂತಿಲ್ಲ, ಎರಡೂ ಅಧಿಕೃತ ಬ್ಯಾಂಕಿನ ಪ್ರತ್ಯೇಕ ಖಾತೆಗಳ ಮೂಲಕವೇ ಸಾಗಬೇಕು.