ನಾಯಿಯ ನೋವಿಗೆ ಸಾಕ್ಷಿ ಯಾರು?

ಮುದಿ ಲ್ಯಾಬ್ರಡಾರ್ ಬೆಳಿಗ್ಗೆ ಏಳುವುದನ್ನು ಗಮನಿಸಿ. ಮುಂಗಾಲೂರಿ ಎದೆ ಎತ್ತುತ್ತದೆ, ಸೊಂಟ ಮೇಲೇಳುವುದಿಲ್ಲ. ನುಣುಪಾದ ಟೈಲ್ಸ್ ಮೇಲೆ ಹಿಂಗಾಲು ಜಾರುತ್ತದೆ. ನಾಲ್ಕು ಹೆಜ್ಜೆ ಕುಂಟಿ ಆಮೇಲೆ ಸರಿಹೋಗುತ್ತದೆ. ‘ವಯಸ್ಸಾಯ್ತು ಬಿಡಿ’ ಎನ್ನುತ್ತಾರೆ ಮನೆಯವರು. ಪಶುವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

ಕಿರುಚದ ಪ್ರಾಣಿಗೆ ನೋವಿಲ್ಲ ಎಂಬ ಎಣಿಕೆ ಆಗ ಗಟ್ಟಿಯಾಗಿತ್ತು. ಅರಿವಳಿಕೆಯನ್ನು ಕೂಡ ಪ್ರಾಣಿ ಮಿಸುಕದಂತೆ ಹಿಡಿದಿಡುವ ಉಪಾಯವೆಂದು ಕಂಡವರಿದ್ದರು. ಅಮೆರಿಕದ ತತ್ವಶಾಸ್ತ್ರಜ್ಞ ಬರ್ನಾರ್ಡ್ ರೋಲಿನ್ ಇದನ್ನು ಬಲವಾಗಿ ಪ್ರಶ್ನಿಸಿದರು. ಪ್ರಯೋಗಾಲಯದ ಪ್ರಾಣಿಗಳ ನೋವು ಶಮನಕ್ಕೆ ದಾರಿ ಮಾಡಿದ 1985ರ ಕಾನೂನಿನಲ್ಲಿ ಅವರ ಪಾಲೂ ಇತ್ತು.

1996ರಲ್ಲಿ ಅಮೆರಿಕ ನಾಯಿಗಳಿಗಾಗಿ ಕಾರ್ಪ್ರೊಫೆನ್ ಎಂಬ ನೋವು ನಿವಾರಕಕ್ಕೆ ಒಪ್ಪಿಗೆ ಕೊಟ್ಟಿತು. ಕೀಲು ಸವೆದ ನಾಯಿಗೆ ದಿನವೂ ಕೊಡಬಹುದಾದ ಮಾತ್ರೆ ಸಿಕ್ಕಿತೇನೋ ನಿಜ, ಅದು ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಹೇಗೆ? ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿ ಕುಂಟುವುದನ್ನೂ ಮರೆಯುತ್ತದೆ. 2001ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ರೂಪಿಸಿದ ಮಾಪಕ ಶಸ್ತ್ರಚಿಕಿತ್ಸೆಯಂಥ ತಕ್ಷಣದ ನೋವಿಗೆ ಸರಿ. ವರ್ಷಗಟ್ಟಲೆ ಕಾಡುವ ನೋವಿಗೆ ಸಾಲದು. ಹಾಗಾಗಿ ಪ್ರಶ್ನೆ ಮನೆಯವರ ಕಡೆ ತಿರುಗಿತು. 2007ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ಡೊರೊತಿ ಬ್ರೌನ್ ಮನುಷ್ಯರ ನೋವಿನ ಪ್ರಶ್ನಾವಳಿಯೊಂದನ್ನು ನಾಯಿಗೆ ಒಗ್ಗಿಸಿದರು. ಹೆಲ್ಸಿಂಕಿ ವಿಶ್ವವಿದ್ಯಾಲಯದವರ ಇಂಥದೇ ನೋವಿನ ಸೂಚ್ಯಂಕದಲ್ಲಿ 11 ಪ್ರಶ್ನೆಗಳಿವೆ: ಮಲಗಲು ಕಷ್ಟವೇ, ಬಹಳ ಹೊತ್ತು ಮಲಗಿದ ಮೇಲೆ ನಡಿಗೆ ಹೇಗೆ, ಆಟಕ್ಕೆ ಬರುತ್ತದೆಯೇ. ಉತ್ತರಿಸುವುದಕ್ಕೆ ಪದವಿ ಬೇಡ, ದಿನವೂ ಕಣ್ಣಿಟ್ಟಿದ್ದರೆ ಸಾಕು. ಈ ಕ್ಷೇತ್ರದ ದೊಡ್ಡ ತಿರುವು ಇದೇ ಎಂದು ನನಗನಿಸುತ್ತದೆ. ಹೊಸ ಮದ್ದುಗಳೆಲ್ಲ ಆಮೇಲಿನ ಮಾತು.

ಆದರೆ ಮನೆಯವರ ಕಣ್ಣಿಗೆ ಆಸೆಯ ಪೊರೆಯೂ ಇರುತ್ತದೆ. ಹುಸಿ ಮಾತ್ರೆ ನುಂಗಿದ ನಾಯಿಗಳಲ್ಲೂ ಮಾಲೀಕರಿಗೆ, ವೈದ್ಯರಿಗೆ ಕೂಡ, ಚೇತರಿಕೆ ಕಂಡದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಕಾಲೂರಿದ ಭಾರ ಅಳೆಯುವ ಫೋರ್ಸ್ ಪ್ಲೇಟ್ ಮಾತ್ರ ಬೇರೆಯೇ ಹೇಳಿತ್ತು. ಧಾರಾಳವಾಗಿ ಬರೆದುಕೊಡುತ್ತಿದ್ದ ಟ್ರಮಡಾಲ್ ಎಂಬ ನೋವು ನಿವಾರಕ ಕೀಲು ಸವೆತದ ನೋವಿಗೆ ಹುಸಿ ಮಾತ್ರೆಗಿಂತ ಮೇಲೇನಲ್ಲ ಎಂದು 2018ರಲ್ಲಿ ಗೊತ್ತಾದದ್ದೂ ಇಂಥ ಪರೀಕ್ಷೆಯಿಂದಲೇ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಎಲ್ಲಿಯವರೆಗೆ? ಪ್ರಾಣಿಗಳ ಕ್ಯಾನ್ಸರ್ ವೈದ್ಯೆ ಆಲಿಸ್ ವಿಲ್ಲಲೊಬೋಸ್ 2004ರಲ್ಲಿ ಏಳು ಅಂಶಗಳ ಪಟ್ಟಿ ಕೊಟ್ಟರು. ನೋವು (ಉಸಿರಾಟವೂ ಇದರಲ್ಲೇ ಸೇರಿದೆ), ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ ಹತ್ತು ಅಂಕ. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಕೈಗೆಟುಕುವ ಸಾಧನ, ಒಪ್ಪೋಣ. ಆದರೆ ಮೊತ್ತ ಮೋಸ ಮಾಡಬಲ್ಲದು. ಲ್ಯಾಬ್ರಡಾರ್ ಸಾಯುವ ಹಿಂದಿನ ದಿನವೂ ತಟ್ಟೆ ನೆಕ್ಕೀತು; ಹಸಿವಿನ ಹತ್ತಂಕ ನೋವಿನ ಸೊನ್ನೆಯನ್ನು ಮುಚ್ಚಿಹಾಕಬಾರದು. ದಯಾಮರಣದ ಮಾತು ಬಂದಾಗ ಪಟ್ಟಿಯ ಮೊದಲ ಸಾಲಾದ ನೋವನ್ನು ಬೇರೆಯಾಗಿಯೇ ಓದಬೇಕು.

ಈಚಿನ ಸುದ್ದಿ ಬೆಡಿನ್ವೆಟ್‌ಮ್ಯಾಬ್, ತಿಂಗಳಿಗೊಂದು ಚುಚ್ಚುಮದ್ದು. ನೋವನ್ನು ಹೆಚ್ಚಿಸುವ ನರ ಬೆಳವಣಿಗೆಯ ಪ್ರೋಟೀನನ್ನು ಇದು ತಡೆಯುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ತೂರಾಟ, ಸೆಳವಿನಂಥ ದುಷ್ಪರಿಣಾಮಗಳ ವರದಿ ಕುರಿತು ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆದರು. ಇದರ ಗದ್ದಲದಲ್ಲಿ ಹಳೆಯದೊಂದು ಫಲಿತಾಂಶ ಮರೆತೇಹೋಗುತ್ತದೆ: ಜೀವಮಾನವಿಡೀ ಗಮನಿಸಿದ 48 ಲ್ಯಾಬ್ರಡಾರ್‌ಗಳಲ್ಲಿ ಶೇ. 25ರಷ್ಟು ಕಡಿಮೆ ತಿಂದವಕ್ಕೆ ಕೀಲು ಸವೆತದ ಚಿಕಿತ್ಸೆ ಬೇಕಾದದ್ದು ಸುಮಾರು 3 ವರ್ಷ ತಡವಾಗಿ. ತೂಕ ಇಳಿಸಲು ಯಾವ ಪರವಾನಗಿಯೂ ಬೇಡ.

ನಮ್ಮ ಮನೆಗಳಲ್ಲಿ ಇದಕ್ಕಿಂತ ತುರ್ತಿನ ಸಂಗತಿ ಇನ್ನೊಂದಿದೆ. ಅಜ್ಜಿಯ ಮಂಡಿನೋವಿನ ಮಾತ್ರೆಯನ್ನು ಅರ್ಧ ಮುರಿದು ನಾಯಿಗೆ ಕೊಡುವವರು ಬೇಕಾದಷ್ಟಿದ್ದಾರೆ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಮೂತ್ರಪಿಂಡ ಕೈಕೊಡಬಹುದು. ನಾಯಿ ಕುಂಟುವುದನ್ನು ಫೋನಿನಲ್ಲಿ ಹಿಡಿದು ಪಶುವೈದ್ಯರಿಗೆ ತೋರಿಸಿ. ಮನೆಯ ಔಷಧ ಡಬ್ಬಿಗೆ ಮಾತ್ರ ಕೈಹಾಕಬೇಡಿ.