‘ತಲಿಗಿ ಹತ್ತಂಗಿಲ್ಲ’ ಎಂಬ ಮಾತಿನ ಚರಿತ್ರೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಬಗ್ಗೆ ‘ತಲಿಗಿ ಹತ್ತಂಗಿಲ್ಲ’ ಎಂದುಬಿಟ್ಟರೆ ಮಾತು ಮುಗಿಯಿತು. ಈ ಒಂದು ಮಾತು ಎಷ್ಟೋ ಬಗೆಯ ಮಕ್ಕಳನ್ನು ಒಟ್ಟಿಗೆ ಮುಚ್ಚಿಹಾಕಿದೆ. ಅದಕ್ಕೆ ಈ ನೆಲದ ಚರಿತ್ರೆಯೇ ಕಾರಣ ಎಂಬುದು ನನ್ನ ವಾದ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮನ ಸೀಮೆ. ಮನೆಯಲ್ಲಿ ಕನ್ನಡ, ಪ್ರಾಥಮಿಕ ಹಂತ ದಾಟಿದರೆ ಪಾಠ ಉರ್ದುವಿನಲ್ಲಿ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಆಟಿಸಂ ಕುರಿತ ತನ್ನ ಪ್ರಬಂಧ ಪ್ರಕಟಿಸಿದಾಗ, ಸುರಪುರದ ಹುಡುಗ ಪಾಠದಲ್ಲಿ ತಡವರಿಸಿದರೆ ಅದು ಭಾಷೆಯ ತೊಡಕೋ, ಹಸಿವೋ, ಮಿದುಳು ಬೆಳೆದ ರೀತಿಯ ವ್ಯತ್ಯಾಸವೋ ಎಂದು ಬಿಡಿಸಿ ನೋಡುವವರಿರಲಿಲ್ಲ. 1956ರಲ್ಲಿ ರಾಜ್ಯ ಬದಲಾಯಿತು, ಬಡತನ ಉಳಿಯಿತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಅರ್ಧದಷ್ಟು ಜನ ಓದು ಕಾಣದ ಕಡೆ, ಓದಲಾಗದ ಒಂದು ಮಗು ಯಾರ ಕಣ್ಣಿಗೆ ಬಿದ್ದೀತು?

ಹಳ್ಳಿಯಲ್ಲಿ ಅಂಥವರಿಗೆ ಹೆಸರು ಬೇಕಿರಲಿಲ್ಲ, ಕೆಲಸವಿತ್ತು ಎನ್ನುವವರಿದ್ದಾರೆ. ಒತ್ತಕ್ಷರ ಬಂದಲ್ಲೆಲ್ಲ ಎಡವುವ, ‘ಪ’ ಯಾವುದು ‘ಷ’ ಯಾವುದು ಎಂದು ಗೊಂದಲಕ್ಕೆ ಬೀಳುವ ಹುಡುಗ ಹಿಂಡಿನ ಒಂದೊಂದು ಕುರಿಯನ್ನೂ ಮುಖ ನೋಡಿ ಗುರುತಿಸಬಲ್ಲ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಬರುವ ಕೆಲಸವೊಂದು, ಅಕ್ಕರೆಯಿಂದ ಕರೆಯುವ ನಾಲ್ಕು ಜನ ಇದ್ದರೆ ಮನಸ್ಸು ಎಷ್ಟೋ ತಡೆದುಕೊಳ್ಳುತ್ತದೆ. ಆದರೆ ಮಾತೇ ಬಾರದ ಮಗುವಿಗೆ ಸಿಕ್ಕಿದ್ದು ಗಾಳಿ ಸೋಕಿದೆ ಎಂಬ ತೀರ್ಪು, ತಾಯತ. ಇದ್ದ ಆಸರೆಯೂ ಗುಳೆಯಿಂದ ಸಡಿಲಾಗಿದೆ. ಮನೆಮಂದಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮುಂಬೈಗೋ ಹೊರಟಾಗ, ದಿನವೂ ಅದೇ ದಾರಿ, ಅದೇ ದನಿಗಳನ್ನು ನೆಚ್ಚಿಕೊಂಡ ಮಗು ಎಲ್ಲರಿಗಿಂತ ಮೊದಲು ಕಂಗೆಡುತ್ತದೆ. ಅದು ಸುಮ್ಮನಾದರೆ ‘ಗಟ್ಟಿ ಐತಿ’ ಎನ್ನುತ್ತೇವೆ. ಒಳಗೆ ಅಂಜಿಕೆ ಇದೆಯೇ, ಖಿನ್ನತೆ ಇದೆಯೇ ಎಂದು ಕೇಳುವುದಿಲ್ಲ.

ಕಾನೂನೂ ತಡವಾಗಿಯೇ ಕಣ್ಣು ತೆರೆಯಿತು. 1995ರ ಕಾಯ್ದೆಯ ಏಳು ಅಂಗವೈಕಲ್ಯಗಳಲ್ಲಿ ‘ಬುದ್ಧಿಮಾಂದ್ಯ’ವಿತ್ತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಪಟ್ಟಿಗೆ ಸೇರಿದ್ದು 2016ರಲ್ಲಿ, 21 ಬಗೆಗಳಲ್ಲಿ ಒಂದಾಗಿ. ಹೆಸರಿಟ್ಟರೆ ಮಗುವಿಗೆ ಹಣೆಪಟ್ಟಿ ಅಂಟೀತು ಎಂಬ ಅಂಜಿಕೆ ತಾಯ್ತಂದೆಯರದು, ಅದರಲ್ಲೂ ಹೆಣ್ಣುಮಕ್ಕಳನ್ನು ಹೆತ್ತವರದು. ‘ದಡ್ಡಿ’ ಎಂಬುದೂ ಹಣೆಪಟ್ಟಿಯೇ. ಅದನ್ನು ಹೊತ್ತವಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ಸಿಗದು. ಇಂಥ ಮಕ್ಕಳನ್ನು ಗುರುತಿಸಿ ನೆರವಾಗಲು ಮಹಾನಗರದ ತಜ್ಞರೇ ಬೇಕೆಂಬ ಮಾತನ್ನು ಒಪ್ಪಲಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯದ ಸೇವೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಸುರಪುರದಿಂದ ಆ ಬಳ್ಳಾರಿಗೆ ಕೃಷ್ಣೆ, ತುಂಗಭದ್ರೆ ಎರಡು ಹೊಳೆ ದಾಟಿದರೆ ಸಾಕು.